ಗೆರೆ ದಾಟಿದ ಮೇಲೆ ಸ್ಟೇರಿಂಗ್ ಯಾರ ಕೈಲಿ? ಒಂದು ರೇಸಿಂಗ್ ಆಟದ ಪ್ರಕರಣ ಅಧ್ಯಯನ

ನನ್ನ ಸೋದರಮಾವ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೆರಡು ವರ್ಷ ಡ್ರೈವರ್ ಆಗಿದ್ದವರು. ಹುಟ್ಟೂರು ಪಾಂಡವಪುರದ ಕಡೆ ಒಂದು ಹಳ್ಳಿ, ಈಗಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಸೇವೆಯ ಬಹುಪಾಲು ಕಳೆದದ್ದು ಮೈಸೂರು–ಮಂಗಳೂರು ರೂಟಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು. ಒಂದು ದಿಕ್ಕಿಗೆ ಸುಮಾರು 250 ಕಿಲೋಮೀಟರ್. ಅಪಘಾತವಿಲ್ಲದ ಸೇವೆಗೆ ಕೊಡುವ ಬೆಳ್ಳಿ ಪದಕ ಅವರ ಶೋಕೇಸಿನಲ್ಲಿದೆ. ನಿವೃತ್ತಿಯಾಗಿ ಮೂರು ವರ್ಷ. ಮನೆಯಲ್ಲಿರುವುದು ಒಂದು ಸ್ಕೂಟರ್, ಅದನ್ನೂ ಕತ್ತಲಾದ ಮೇಲೆ ತೆಗೆಯಕೂಡದು ಅಂತ ಅತ್ತೆಯ ಕಟ್ಟಪ್ಪಣೆ.

ನನ್ನ ತಮ್ಮ ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ತನ್ನ ಗೇಮ್ ಕನ್ಸೋಲು, ಸ್ಟೇರಿಂಗು, ಪೆಡಲುಗಳು, ಆಗಷ್ಟೇ ಕೊಂಡಿದ್ದ ಹೊಸ ರೇಸಿಂಗ್ ಆಟ, ಎಲ್ಲವನ್ನೂ ಮಾವನ ಮನೆಯ ಹಾಲಿನಲ್ಲಿ ಜೋಡಿಸಿಟ್ಟು ಹೋದ. ಅಲ್ಲಿಂದ ಆರು ವಾರ ನಾನು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೂಟಗಳ್ಳಿ ಕಡೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ಕಂಡದ್ದನ್ನು ಬರೆದಿಡುವ ಅಭ್ಯಾಸವಿದೆ. ಆಟದ ಹೆಸರು ಹೇಳುವುದಿಲ್ಲ. ಅದು ಒಳ್ಳೆಯ ಆಟ, ಮತ್ತು ಇಲ್ಲಿ ಬರುವ ಕಿರಿಕಿರಿಗಳು ಈ ಜಾತಿಯ ಬೇರೆ ಆಟಗಳಲ್ಲೂ ಇವೆ.

ಒಳ್ಳೆಯದು ಯಾಕೆ ಅನ್ನುವುದನ್ನು ಮೊದಲು ಹೇಳಬೇಕು. ಮೊದಲ ಭಾನುವಾರ ಮಾವ ಹಿಂಜರಿಯುತ್ತಲೇ ಕೂತರು. ಮೂರನೇ ಸುತ್ತಿಗೆ ಆಟದೊಳಗೆ ಮಳೆ ಶುರುವಾಯಿತು. ಒಂದು ಎಡ ತಿರುವಿನಲ್ಲಿ ಕಾರು ಹೊರಗಡೆಗೆ ಜಾರುವ ಮುಂಚೆಯೇ ಮಾವ ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗನ್ನು ಒಂಚೂರು ಸಡಿಲಿಸಿ, ಮತ್ತೆ ಹಿಡಿದರು. ಕಾರು ದಾರಿಗೆ ಬಂತು. "ಹಗುರ ಆಯ್ತು ಕಣವ್ವ, ನಿಜವಾದ್ದೇ!" ಅಂತ ನನ್ನ ಕಡೆ ತಿರುಗಿ ನಕ್ಕರು.

ಆ "ಹಗುರ ಆಯ್ತು" ಅನ್ನುವ ಮಾತಿನಲ್ಲಿ ದೊಡ್ಡ ವಿಷಯವಿದೆ. ತಿರುವಿನಲ್ಲಿ ಮುಂದಿನ ಟೈರು ರಸ್ತೆಯನ್ನು ಕಚ್ಚಿಕೊಂಡಿರುವವರೆಗೆ ಸ್ಟೇರಿಂಗು ನೇರಕ್ಕೆ ಮರಳಲು ಎಳೆಯುತ್ತಿರುತ್ತದೆ. ಟೈರಿನ ಹಿಡಿತ ಮುಗಿಯುವ ಹೊತ್ತಿಗೆ ಆ ಎಳೆತ ಕಮ್ಮಿಯಾಗುತ್ತದೆ, ಅದೂ ಹಿಡಿತ ಪೂರ್ತಿ ತಪ್ಪುವುದಕ್ಕಿಂತ ಒಂದು ಗಳಿಗೆ ಮೊದಲು. ಆ ಗಳಿಗೆಯನ್ನು ಅಂಗೈಯಲ್ಲಿ ಓದಿಕೊಂಡೇ ಒದ್ದೆ ಘಾಟಿಯಲ್ಲಿ ಬಸ್ಸು ಇಳಿಸುತ್ತಾರೆ. ಈ ಆಟ ಮೋಟಾರಿನ ಮೂಲಕ ಅದನ್ನು ಸ್ಟೇರಿಂಗಿಗೆ ತಂದುಕೊಟ್ಟಿದೆ. ಮೂರು ವರ್ಷದ ಮೇಲೆ ಮಾವನ ಕೈಗೆ ರಸ್ತೆ ಮತ್ತೆ ಸಿಕ್ಕಿತು. ಮಾಡಿದವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಆಮೇಲೆ ಎರಡನೇ ವಾರದ ಹೊತ್ತಿಗೆ ಮಾವ ಆಡುವುದು ಕಮ್ಮಿ ಮಾಡಿದರು. ಕೇಳಿದರೆ "ಬುಡವ್ವ, ನಮ್ಮಂತೋರಿಗಲ್ಲ ಅದು" ಅಂದರು. ಮಳೆಯಲ್ಲಿ ಅಷ್ಟು ಚೆಂದ ಓಡಿಸಿದವರ ಬಾಯಲ್ಲಿ ಈ ಮಾತು ಬಂದದ್ದು ನನಗೆ ತಡೆಯಲಾಗಲಿಲ್ಲ. ಒಂದು ನೋಟ್‌ಬುಕ್ಕು, ಫೋನಿನ ಸ್ಟಾಪ್‌ವಾಚು ಹಿಡಿದು ಸೋಫಾದ ತುದಿಯಲ್ಲಿ ಕೂತೆ.

ಓಡಿಸುವುದಕ್ಕೆ ಮುಂಚೆ

ಕನ್ಸೋಲ್ ಹಾಕಿ ಆಟ ತೆರೆದ ಮೇಲೆ ಕಂಪನಿಗಳ ಚಿಹ್ನೆಗಳು ಒಂದರ ಹಿಂದೆ ಒಂದು. ಆಮೇಲೆ ಫಿಟ್ಸ್ ಬರುವವರಿಗೆ ಎಚ್ಚರಿಕೆ (ಇದು ಇರಲೇಬೇಕು). ಆಮೇಲೆ "ಯಾವುದಾದರೂ ಬಟನ್ ಒತ್ತಿ". ಒತ್ತಿದ ಮೇಲೆ ಸರ್ವರಿಗೆ ಲಾಗಿನ್. ಆಮೇಲೆ ಈ ವಾರದ ಹೊಸ ಕಾರುಗಳ ಜಾಹೀರಾತು, ದಿನದ ಬಹುಮಾನ, ನೆನ್ನೆ ನೋಡಿದ್ದ ನಕ್ಷೆಯ ಮೇಲೆ ಮತ್ತೊಂದು ಹಾರಾಟ. ಚಕ್ರ ಉರುಳುವುದಕ್ಕೆ ಮೂರೂವರೆ ನಿಮಿಷ. ಮಾವ ಡಿಪೋದಲ್ಲಿ ಗಾಡಿ ತೆಗೆಯುವ ಮುಂಚೆ ಟೈರು, ಬ್ರೇಕು, ಲೈಟು ನೋಡುತ್ತಿದ್ದವರು, ಕಾಯುವುದು ಅವರಿಗೆ ಹೊಸದಲ್ಲ. ಆದರೆ ಅಲ್ಲಿ ಕಾದದ್ದು ಗಾಡಿಗಾಗಿ. "ಇದೇನವ್ವ, ಹತ್ಸೋಕ್ ಮುಂಚೆ ಇಷ್ಟುದ್ದ ಪುರಾಣ?" ಅಂದರು.

ಈ ಕಾಯುವ ಹೊತ್ತಿನ ಬಗ್ಗೆ ಆಟ ಕಟ್ಟುವವರು ಬಹಳ ಹಿಂದೆಯೇ ಯೋಚಿಸಿದ್ದರು. 1994ರಲ್ಲಿ ನಾಮ್ಕೋ ಕಂಪನಿಯ ರಿಡ್ಜ್ ರೇಸರ್ ಪ್ಲೇಸ್ಟೇಷನ್‌ಗೆ ಬಂದಾಗ, ಸಿಡಿಯಿಂದ ಆಟ ತುಂಬಿಕೊಳ್ಳುವಷ್ಟು ಹೊತ್ತು ಆಡಲು ಗ್ಯಾಲಾಕ್ಸಿಯನ್ ಅನ್ನುವ ಹಳೆಯ ಆಟವನ್ನು ಕೊಟ್ಟಿದ್ದರು. ಆ ಉಪಾಯಕ್ಕೆ ನಾಮ್ಕೋ ಅಮೆರಿಕದಲ್ಲಿ ಪೇಟೆಂಟ್ ಮಾಡಿಸಿತು, ಅದರ ಅವಧಿ ಮುಗಿದದ್ದು 2015ರಲ್ಲಿ. ಈಗ ಯಾರು ಬೇಕಾದರೂ ಹಾಗೆ ಮಾಡಬಹುದು. ಈಗಿನ ಕನ್ಸೋಲಿನಲ್ಲಿ ತುಂಬಿಕೊಳ್ಳುವುದಕ್ಕೆ ಅಷ್ಟು ಹೊತ್ತೂ ಬೇಕಿಲ್ಲ. ನಾನು ನೋಡಿದ ಮೂರೂವರೆ ನಿಮಿಷದಲ್ಲಿ ಯಂತ್ರ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಸ್ವಲ್ಪ ಹೊತ್ತು. ಮಿಕ್ಕದ್ದು ನಮಗೆ ತೋರಿಸಲೇಬೇಕು ಅಂತ ಯಾರೋ ತೀರ್ಮಾನಿಸಿದ ಪ್ರದರ್ಶನ.

ಅದಕ್ಕಿಂತ ಕೆಟ್ಟದ್ದು ಮೆನು. ಪರದೆಯ ಮೇಲೆ ಒಂದು ಚಿಕ್ಕ ಬಿಳಿ ವೃತ್ತ. ಅದನ್ನು ಬೇಕಾದ ಚೌಕದ ಮೇಲೆ ತೇಲಿಸಿಕೊಂಡು ಹೋಗಿ, ಬಟನ್ನನ್ನು ಒಂದು ಸೆಕೆಂಡು ಒತ್ತಿ ಹಿಡಿಯಬೇಕು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಹೆಬ್ಬೆರಳ ಕಡ್ಡಿಗೆ ಇದು ಸಲೀಸು. ಸ್ಟೇರಿಂಗಿನ ಮೇಲಿರುವ ನಾಲ್ಕು ದಿಕ್ಕಿನ ಪುಟ್ಟ ಬಟನ್ನಿನಲ್ಲಿ ಆ ವೃತ್ತ ಒಂದೋ ತೆವಳುತ್ತದೆ, ಇಲ್ಲಾ ಚೌಕ ದಾಟಿ ಹೋಗುತ್ತದೆ. ಒತ್ತಿ ಹಿಡಿಯುವಾಗ ಸ್ಟೇರಿಂಗು ಕದಲಿದರೆ ಬೆರಳು ಜಾರಿ ಮತ್ತೆ ಮೊದಲಿನಿಂದ. "ರೇಸ್ ಶುರು" ಅನ್ನುವ ಒಂದೇ ಕೆಲಸಕ್ಕೆ ಮಾವ ಆ ಸಂಜೆ ಮಾಡಿದ ಪ್ರಯತ್ನಗಳನ್ನು ಎಣಿಸಿದೆ, ಸರಾಸರಿ ಮೂರು ಸಲ. ಬಟನ್ನನ್ನು ಒಮ್ಮೆ ಒತ್ತಿದರೆ ಒಂದು ಚೌಕ ನೆಗೆಯುವ ಹಳೇ ಮಾದರಿ ಮೆನು ಇದ್ದಿದ್ದರೆ ಈ ಪ್ಯಾರಾ ಬರೆಯುವ ಅಗತ್ಯವೇ ಇರಲಿಲ್ಲ.

ಆ ಸಂಜೆಯ ಲೆಕ್ಕ ಹೀಗಿತ್ತು: ಮಾವ ಕೂತದ್ದು ಒಂದು ಗಂಟೆ, ಕಾರು ಅವರ ಕೈಯಲ್ಲಿದ್ದದ್ದು 34 ನಿಮಿಷ.

ಓದಲಾಗದ ಅಕ್ಷರ

ಮಾವನಿಗೆ ದೂರದ ಕಣ್ಣು ಚೆನ್ನಾಗಿದೆ. ಎದುರಿಗೆ ಬರುವ ಬಸ್ಸಿನ ಬೋರ್ಡು ಈಗಲೂ ನನಗಿಂತ ಮೊದಲು ಅವರೇ ಓದುತ್ತಾರೆ. ಚಾಳೀಸು ಬಂದಿರುವುದು ಪೇಪರಿಗೆ, ಟಿವಿಗಲ್ಲ. ಆದರೂ ಆಟದ ಸೂಚನೆಗಳು ಅವರಿಗೆ ಕಾಣುತ್ತಿರಲಿಲ್ಲ. ನನಗೆ ಅನುಮಾನ ಬಂದು ಪರದೆಯ ಚಿತ್ರ ತೆಗೆದು ಅಳೆದೆ. 1080 ಸಾಲಿನ ಚಿತ್ರದಲ್ಲಿ ಸೂಚನೆಯ ಅಕ್ಷರದ ಎತ್ತರ 16 ಪಿಕ್ಸೆಲ್, ಅಂದರೆ ಪರದೆಯ 16 ಚುಕ್ಕಿ. ಮನೆಯಲ್ಲಿರುವುದು 43 ಇಂಚಿನ ಟಿವಿ, ಅದರಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಅರ್ಧ ಮಿಲಿಮೀಟರ್. ಅಂದರೆ ಎಂಟು ಮಿಲಿಮೀಟರ್ ಅಕ್ಷರವನ್ನು ಎಂಟು ಅಡಿ ದೂರದಿಂದ, ಸ್ಟೇರಿಂಗ್ ಹಿಡಿದುಕೊಂಡು, ಓಡುವ ರಸ್ತೆಯ ಮೇಲೆ ಓದಬೇಕು. ನನಗೇ ಕಷ್ಟವಾಯಿತು.

ಎಕ್ಸ್‌ಬಾಕ್ಸ್ ಅನ್ನುವ ಕನ್ಸೋಲಿನವರು ಆಟ ಮಾಡುವವರಿಗಾಗಿ ಪ್ರಕಟಿಸಿರುವ ಸುಲಭಬಳಕೆಯ ಮಾರ್ಗಸೂಚಿಯಲ್ಲಿ ಕನ್ಸೋಲಿಗೆ ಹೇಳಿರುವ ಕನಿಷ್ಠ ಅಳತೆ 1080 ಸಾಲಿನಲ್ಲಿ 26 ಪಿಕ್ಸೆಲ್, ಅದರ ಎರಡರಷ್ಟು ಸಾಲಿರುವ 4ಕೆ ಪರದೆಯಲ್ಲಿ 52. ನಮ್ಮ ಟಿವಿಯಲ್ಲಿ ಅದು 13 ಮಿಲಿಮೀಟರ್ ಆಗುತ್ತಿತ್ತು. ಐದು ಮಿಲಿಮೀಟರಿನ ವ್ಯತ್ಯಾಸ. ಮೇಜಿನ ಮೇಲೆ ಒಂದೂವರೆ ಅಡಿ ದೂರದಲ್ಲಿ ಮಾನಿಟರ್ ಇಟ್ಟುಕೊಂಡು ಆಟ ಕಟ್ಟುವವರಿಗೆ ಈ ಐದು ಮಿಲಿಮೀಟರ್ ಕಾಣುವುದಿಲ್ಲ. ನಮ್ಮ ಕಚೇರಿಯಲ್ಲೂ ನಾವು ಹಾಗೇ ಕೂತು ಪರೀಕ್ಷಿಸುತ್ತೇವೆ.

ಅಕ್ಷರ ಚಿಕ್ಕದು ಅನ್ನುವುದು ಅರ್ಧ. ಇನ್ನರ್ಧ, ಅದು ನಾಲ್ಕು ಸೆಕೆಂಡಿಗೆ ಮಾಯವಾಗುತ್ತಿತ್ತು. ಮಾವ ಇಂಗ್ಲಿಷ್ ಓದುತ್ತಾರೆ, ಕೂಡಿಸಿಕೊಂಡು, ನಿಧಾನವಾಗಿ. ಎರಡನೇ ಪದಕ್ಕೆ ಬರುವಷ್ಟರಲ್ಲಿ ಸೂಚನೆ ಇರುತ್ತಿರಲಿಲ್ಲ. ಹೋದ ಸೂಚನೆಯನ್ನು ಮತ್ತೆ ನೋಡುವ ಜಾಗ ಆಟದಲ್ಲಿ ಎಲ್ಲೂ ಇಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲದಿರುವುದನ್ನು ನಾನು ಈ ಸಣ್ಣ ಕಿರಿಕಿರಿಗಳ ಜೊತೆ ಸೇರಿಸುವುದಿಲ್ಲ. 2011ರ ಜನಗಣತಿಯಲ್ಲಿ ಸುಮಾರು 4.37 ಕೋಟಿ ಜನ ತಾಯ್ನುಡಿ ಅಂತ ಬರೆಸಿದ ಭಾಷೆ ಇದು, ಅದರ ಮಾತು ಬೇರೆಯೇ ಆಡಬೇಕು. ಆದರೆ ಇಂಗ್ಲಿಷಿನಲ್ಲೇ ಇದ್ದರೂ, "ಓದಿ ಆಯಿತು" ಅಂತ ನಾವು ಒತ್ತುವವರೆಗೆ ಸೂಚನೆ ನಿಂತಿದ್ದರೆ ಸಾಕಿತ್ತು. ಓದುವ ವೇಗ ಎಲ್ಲರಿಗೂ ಒಂದೇ ಅಂತ ಹಿಡಿದುಬಿಟ್ಟದ್ದೇ ತಪ್ಪು.

ಕನ್ನಡಿ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು.

ಮೂವತ್ತೆರಡು ವರ್ಷ ಬಸ್ಸು ಓಡಿಸಿದವರು ಕೆಲವು ಸೆಕೆಂಡಿಗೊಮ್ಮೆ ಕನ್ನಡಿ ನೋಡುತ್ತಾರೆ. ಯೋಚಿಸಿ ನೋಡುವುದಲ್ಲ, ಉಸಿರಾಡಿದ ಹಾಗೆ. ಆಟದಲ್ಲಿ ಚಾಲಕನ ಸೀಟಿನ ನೋಟ ಆರಿಸಿಕೊಂಡರೆ ಬದಿಯ ಕನ್ನಡಿಗಳೇನೋ ಕಾಣುತ್ತವೆ, ಆದರೆ ಅದರೊಳಗಿನ ಚಿತ್ರ ಮಸುಕು, ತಡವರಿಸುತ್ತದೆ. ಇದಕ್ಕೆ ಕಾರಣವಿದೆ: ಪ್ರತಿ ಕನ್ನಡಿಗೂ ಇಡೀ ದೃಶ್ಯವನ್ನು ಇನ್ನೊಂದು ಕೋನದಿಂದ ಮತ್ತೊಮ್ಮೆ ಬಿಡಿಸಬೇಕು, ಯಂತ್ರಕ್ಕೆ ಅದು ಭಾರ, ಆದ್ದರಿಂದ ಕಮ್ಮಿ ಗುಣಮಟ್ಟದಲ್ಲಿ ಬಿಡಿಸುತ್ತಾರೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಹಿಂದೆ ನೋಡಲು ಒಂದು ಬಟನ್ ಕೊಟ್ಟಿದ್ದಾರೆ. ತಪ್ಪಿರುವುದು ಆ ಬಟನ್ನಿನಲ್ಲಿ. ಒಮ್ಮೆ ಒತ್ತಿ ಹಿಡಿದರೆ ಹಿಂದಿನ ನೋಟ. ಬೇಗ ಎರಡು ಸಲ ಒತ್ತಿದರೆ ಸಮಯವೇ ಹಿಂದಕ್ಕೆ ಹೋಗುತ್ತದೆ.

ಸಮಯ ಹಿಂತಿರುಗಿಸುವ ಸೌಲಭ್ಯ ರೇಸಿಂಗ್ ಆಟಗಳಲ್ಲಿ ಈಗ ಮಾಮೂಲು. 2008ರ ರೇಸ್ ಡ್ರೈವರ್: ಗ್ರಿಡ್ ಅದನ್ನು ಜನಪ್ರಿಯ ಮಾಡಿತು, ಮರುವರ್ಷ ಫೋರ್ಜಾ ಮೋಟಾರ್‌ಸ್ಪೋರ್ಟ್ 3ರಲ್ಲೂ ಬಂತು. ಹೊಸಬರಿಗೆ ದೊಡ್ಡ ಉಪಕಾರ ಅದು, ಒಂದು ತಪ್ಪಿಗೆ ಹತ್ತು ನಿಮಿಷದ ರೇಸು ಹಾಳಾಗುವುದಿಲ್ಲ. ಆದರೆ ಮಾವನಿಗೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಅದನ್ನು ತಿಳಿಸುವ ಸೂಚನೆ ಬಂದದ್ದು ಆ 16 ಪಿಕ್ಸೆಲ್ ಅಕ್ಷರದಲ್ಲಿ, ನಾಲ್ಕು ಸೆಕೆಂಡು.

ಅವರು ಟಕ್ ಟಕ್ ಅಂತ ಎರಡು ಸಲ ಕನ್ನಡಿ ನೋಡುವವರು. ಒಮ್ಮೆ ಹಿಂದಿನ ಗಾಡಿ ಎಲ್ಲಿದೆ ಅಂತ, ಮತ್ತೊಮ್ಮೆ ಎಷ್ಟು ಹತ್ತಿರ ಬಂತು ಅಂತ. ಒಂದು ಮಳೆಯ ರೇಸಿನಲ್ಲಿ ಎರಡನೇ ಜಾಗದಲ್ಲಿದ್ದರು, ಕೊನೆಯ ಸುತ್ತು. ಎರಡು ಸಲ ಒತ್ತಿದರು. ಪರದೆ ಬೆಳ್ಳಗಾಗಿ ಕಾರು ಹಿಂದಿನ ತಿರುವಿನ ಒಳಗೆ ಹೋಗಿ ನಿಂತಿತು, ಮತ್ತೆ ಹೊರಟಾಗ ಗೇರು ಬೇರೆ, ವೇಗ ಬೇರೆ, ಸೀದಾ ತಡೆಗೋಡೆಗೆ. ಹೀಗೆ ದಿನಗಟ್ಟಲೆ ಆಗಿತ್ತಂತೆ. ಯಾರಿಗೂ ಹೇಳಿರಲಿಲ್ಲ.

"ನಂಗೆ ಏನೋ ತಲೆ ತಿರುಗ್ತದೆ ಅನ್ಕೊಂಡೆ ಕಣವ್ವ" ಅಂದರು. "ಎಲ್ಲೋ ಇದ್ದೋನು ಇನ್ನೆಲ್ಲೋ ಇರ್ತಿದ್ದೆ. ವಯಸ್ಸಾಯ್ತು, ಕೈ ನಿಲ್ತಿಲ್ಲ ಅಂತ."

ನಾನು ಪೆನ್ನು ಕೆಳಗಿಟ್ಟೆ. ನಮ್ಮ ಕೆಲಸದಲ್ಲಿ ಪ್ರತಿ ದೋಷಕ್ಕೂ ಒಂದು ತೀವ್ರತೆ ಬರೆಯುತ್ತೇವೆ. ಆಟ ನಿಂತುಹೋದರೆ ಕ್ರಿಟಿಕಲ್. ಒಂದು ಬಟನ್ನಿನಲ್ಲಿ ಎರಡು ಕೆಲಸ ಇದ್ದು ಗೊಂದಲವಾದರೆ ಮೈನರ್. ನಾನೇ ಆಗಿದ್ದರೂ ಮೈನರ್ ಅಂತಲೇ ಬರೆದು ಮುಂದಿನದಕ್ಕೆ ಹೋಗುತ್ತಿದ್ದೆ, ಅದು ಪಟ್ಟಿಯ ತಳಕ್ಕೆ ಹೋಗಿ ಬಿಡುಗಡೆಯ ದಿನ ದಾಟಿ ಅಲ್ಲೇ ಉಳಿಯುತ್ತಿತ್ತು. ಆ ಕಾಲಮ್ಮಿನಲ್ಲಿ ಎರಡು ಪ್ರಶ್ನೆಗಳಿಗೆ ಜಾಗವೇ ಇಲ್ಲ. ಒಂದು, ಇದು ಒಬ್ಬ ಮನುಷ್ಯನಿಗೆ ಒಂದು ಸಂಜೆಯಲ್ಲಿ ಎಷ್ಟು ಸಲ ಎದುರಾಗುತ್ತದೆ? ಇನ್ನೊಂದು, ಎದುರಾದಾಗ ಅವನು ತಪ್ಪು ಯಾರದು ಅಂದುಕೊಳ್ಳುತ್ತಾನೆ? ಆಟ ನಿಂತುಹೋದರೆ ಎಲ್ಲರೂ ಆಟವನ್ನು ಬೈಯುತ್ತಾರೆ. ಇಲ್ಲಿ ಮಾವ ತಮ್ಮ ಕೈಯನ್ನು ಬೈದುಕೊಂಡರು, ಸಂಪಾಜೆಯಲ್ಲಿ ಒಮ್ಮೆಯೂ ತಪ್ಪದ ಕೈಯನ್ನು.

ಮಿಕ್ಕ ಸಣ್ಣಪುಟ್ಟವು

ಇವುಗಳಲ್ಲಿ ಕೆಲವು ನಿಜಕ್ಕೂ ಸಣ್ಣವೇ. ವೇಗ ಮೈಲಿಯಲ್ಲಿ ತೋರಿಸುತ್ತಿತ್ತು, ಕಿಲೋಮೀಟರಿಗೆ ಬದಲಿಸುವ ಜಾಗ ಹುಡುಕಲು ಹೊತ್ತು ಹಿಡಿಯಿತು, ಒಮ್ಮೆ ಬದಲಿಸಿದ ಮೇಲೆ ಮುಗಿಯಿತು. ಸ್ಟೇರಿಂಗು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ, ಪರದೆಯೊಳಗಿನ ಕೈಗಳು ಮಾತ್ರ ಕಾಲು ಸುತ್ತಿಗೇ ನಿಂತುಬಿಡುತ್ತವೆ. ಕಂಟ್ರೋಲರಿನಲ್ಲಿ ಆಡುವವರೇ ಹೆಚ್ಚು, ಅವರಿಗೆ ಇದು ಗೊತ್ತಾಗುವುದಿಲ್ಲ. ಮಾವನಿಗೆ ಮಾತ್ರ ತಮ್ಮ ಕೈಗಳನ್ನು ಬೇರೆ ಯಾರೋ ಅರೆಮನಸ್ಸಿನಿಂದ ಅನುಕರಿಸಿದ ಹಾಗೆ ಅನ್ನಿಸಿತು. ಬಾನೆಟ್ಟಿನ ನೋಟಕ್ಕೆ ಬದಲಿಸಿದೆವು, ಸಮಸ್ಯೆ ಹೋಯಿತು, ಜೊತೆಗೆ ಅವರಿಗೆ ಇಷ್ಟವಾಗಿದ್ದ ಡ್ಯಾಶ್‌ಬೋರ್ಡೂ ಹೋಯಿತು.

ಪ್ರತಿ ತಿರುವಿಗೂ "ಬ್ರೇಕ್, ಬ್ರೇಕ್" ಅನ್ನುವ ಹೆಣ್ಣುದನಿಯೊಂದಿತ್ತು. ಮಾವನಿಗಿಂತ ಅತ್ತೆಗೆ ಅದು ಆಗುತ್ತಿರಲಿಲ್ಲ. ಅಡುಗೆಮನೆಯಿಂದ "ಆ ಯಮ್ಮನ್ನ ಸುಮ್ನಿರ್ಸಿ, ಇವ್ರಿಗ್ ಬ್ರೇಕ್ ಹಾಕೋದ್ ಹೇಳ್ಕೊಡ್ತಾಳಾ!" ಅನ್ನುತ್ತಿದ್ದರು. ಅದನ್ನು ನಿಲ್ಲಿಸಿದರೆ ದಾರಿ ಹೇಳುವ ದನಿಯೂ ನಿಲ್ಲುತ್ತಿತ್ತು, ಎರಡಕ್ಕೂ ಒಂದೇ ಸ್ವಿಚ್ಚು. ನಿಲ್ಲಿಸಿದೆವು.

ರೇಸು ಮುಗಿದ ಮೇಲೆ ಅಂಕಗಳು ಒಂದೊಂದಾಗಿ ತುಂಬುವುದನ್ನು ನೋಡಬೇಕು, ಅದೃಷ್ಟಚಕ್ರ ತಿರುಗುವುದನ್ನು ನೋಡಬೇಕು, ಅದೇ ರೇಸನ್ನು ಮತ್ತೆ ಓಡಿಸುವ ಬಟನ್ ಬರುವುದು ಕೊನೆಗೆ. ಬಟನ್ ಇದೆ ಅನ್ನುವುದೇ ಸಮಾಧಾನ. 2008ರ ಬರ್ನ್‌ಔಟ್ ಪ್ಯಾರಡೈಸ್ ಬಂದಾಗ ಅದರಲ್ಲಿ ಮತ್ತೆ ಶುರುಮಾಡುವ ಆಯ್ಕೆಯೇ ಇರಲಿಲ್ಲ, ಸೋತರೆ ಹೊರಟ ಜಾಗಕ್ಕೆ ಊರೆಲ್ಲ ಸುತ್ತಿ ವಾಪಸು ಓಡಿಸಿಕೊಂಡು ಹೋಗಬೇಕಿತ್ತು. ಆಡುವವರು ದೂರಿದ ಮೇಲೆ ಅಪ್‌ಡೇಟಿನಲ್ಲಿ ಸೇರಿಸಿದರು. ಹೇಳಿದರೆ ಕೇಳುವವರಿದ್ದಾರೆ ಅನ್ನುವುದಕ್ಕೆ ಇದನ್ನು ನೆನೆಯುತ್ತೇನೆ.

ನಾವು ಮಾಡಿಕೊಂಡದ್ದು

ಮೂರನೇ ವಾರ ಒಂದು ಭಾನುವಾರ ಪೂರ್ತಿ ಕೂತೆ. ಸಮಯ ಹಿಂತಿರುಗಿಸುವುದನ್ನು ನಿಲ್ಲಿಸುವ ಆಯ್ಕೆ ಬಟನ್ನುಗಳ ಪುಟದಲ್ಲಿರಲಿಲ್ಲ. ಆಟದ ಕಷ್ಟದ ಮಟ್ಟ ನಿಗದಿಮಾಡುವ ಪುಟದಲ್ಲಿ, ಕೊನೆಯ ಸಾಲಿನಲ್ಲಿ ಸಿಕ್ಕಿತು. ಯೋಚಿಸಿದರೆ ಅದಕ್ಕೂ ತರ್ಕವಿದೆ, ಹಿಂತಿರುಗದೆ ಆಡುವುದು ಕಷ್ಟದ ಆಟ. ಆದರೆ ಬಟನ್ನಿನ ತೊಂದರೆ ಇರುವವರು ಅಲ್ಲಿ ಹುಡುಕುವುದಿಲ್ಲ. ಆರಿಸಿದೆ. ಆ ಬಟನ್ನು ಅಂದಿನಿಂದ ಬರೀ ಕನ್ನಡಿ.

ಮೆನುವಿಗೆ ತಮ್ಮನ ಹಳೆಯ ಕಂಟ್ರೋಲರನ್ನು ಕುರ್ಚಿಯ ಬಲಗಡೆ ಸ್ಟೂಲಿನ ಮೇಲಿಟ್ಟೆವು, ಗೇರ್ ಲಿವರ್ ಇರುವ ಎತ್ತರಕ್ಕೆ ಸ್ಟೂಲನ್ನು ಮಾವನೇ ಅಡ್ಜಸ್ಟ್ ಮಾಡಿಕೊಂಡರು. ಟಿವಿಯನ್ನು ಗೋಡೆಯಿಂದ ತೆಗೆದು ಮೂರಡಿ ಮುಂದಕ್ಕೆ ಟೀಪಾಯಿಯ ಮೇಲೆ ತಂದೆವು, ಅತ್ತೆ ಧಾರಾವಾಹಿ ಹೊತ್ತಿಗೆ ವಾಪಸ್ ಇಡುವ ಕರಾರಿನ ಮೇಲೆ. ಸೂಚನೆಗಳನ್ನು ನಾನು ಒಂದೊಂದಾಗಿ ವಿಡಿಯೋ ಮಾಡಿ ಓದಿಕೊಂಡು, ರಟ್ಟಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಟಿವಿಯ ಪಕ್ಕಕ್ಕೆ ಅಂಟಿಸಿದೆ: "ಟೈರ್ ಗುರುತು ಹಳದಿ: ಬಿಸಿ ಸಾಲದು. ಕೆಂಪು: ಸವೆದಿದೆ, ಪಿಟ್‌ಗೆ ಹೋಗಿ." (ಪಿಟ್ ಅಂದರೆ ರೇಸಿನ ನಡುವೆ ಟೈರು ಬದಲಿಸುವ ಜಾಗ.) ಒಟ್ಟು ಹನ್ನೊಂದು ಸಾಲು ಸಾಕಾಯಿತು. ಆಟ ಮಾಡಿದವರಿಗೂ ಬರೆದೆ, ಅಕ್ಷರದ ಅಳತೆ, ಪರದೆಯ ಚಿತ್ರ, ಬಟನ್ನಿನ ವಿವರ ಎಲ್ಲ ಸೇರಿಸಿ. ಐದನೇ ವಾರ ಬಂದ ಅಪ್‌ಡೇಟಿನಲ್ಲಿ ಅಕ್ಷರ ದೊಡ್ಡದು ಮಾಡುವ ಆಯ್ಕೆ ಇತ್ತು. ನಾನೊಬ್ಬಳೇ ಬರೆದಿರಲಾರೆ, ಬಹಳ ಜನ ಬರೆದಿರಬೇಕು. ಬಟನ್ನು ಹಾಗೇ ಇದೆ.

ಆರನೇ ವಾರ ಮತ್ತೆ ಸ್ಟಾಪ್‌ವಾಚು ಹಿಡಿದೆ. ಒಂದು ಗಂಟೆಯಲ್ಲಿ 46 ನಿಮಿಷ ಓಟ.

ನನ್ನ ಪಟ್ಟಿಯಲ್ಲಿ ಇಲ್ಲದ್ದು

ಬರೆಯುವ ಮುಂಚೆ ಪಟ್ಟಿಯನ್ನು ಮಾವನಿಗೆ ಓದಿ ಹೇಳಿದೆ, ಬಿಟ್ಟುಹೋದದ್ದು ಏನಾದರೂ ಇದೆಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆರೆ ದಾಟಿದ ತಕ್ಷಣ ಸ್ಟೇರಿಂಗ್ ಕಿತ್ಕೊತಾನಲ್ಲ, ಅದು" ಅಂದರು.

ನನಗೆ ಹೊಳೆದೇ ಇರಲಿಲ್ಲ. ರೇಸು ಮುಗಿಯುವ ಗೆರೆ ದಾಟಿದ ಕ್ಷಣ ಕಂಪ್ಯೂಟರ್ ಕಾರನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ಸಂಗೀತ ಶುರುವಾಗುತ್ತದೆ, ಕ್ಯಾಮೆರಾ ಹೊರಗೆ ಬಂದು ಕಾರನ್ನು ಸುತ್ತುತ್ತದೆ. ಕೈಯಲ್ಲಿರುವ ಸ್ಟೇರಿಂಗು ಸತ್ತಂತಾಗುತ್ತದೆ. ಎಷ್ಟೋ ರೇಸಿಂಗ್ ಆಟಗಳು ಹಾಗೇ ಮಾಡುತ್ತವೆ, ಇಷ್ಟು ವರ್ಷ ನೋಡಿಯೂ ನನಗೆ ಅದು ಸಹಜ ಅನ್ನಿಸಿತ್ತು. ಮಾವ ಮಾತ್ರ ಪ್ರತಿ ಸಲವೂ ಗೆರೆ ದಾಟಿದ ಮೇಲೂ ಕೈ ತೆಗೆಯದೆ, ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಕೂತಿರುತ್ತಿದ್ದರು. ನೋಡಿದ್ದೆ. ಯಾಕೆ ಅಂತ ಕೇಳಿರಲಿಲ್ಲ.

"ಗಾಡಿ ತಕ್ಕೊಂಡ್ ಹೋದೋನೇ ತಂದ್ ನಿಲ್ಸ್‌ಬೇಕು ಕಣವ್ವ. ನಿಲ್ಸಿ, ಹ್ಯಾಂಡ್‌ಬ್ರೇಕ್ ಎಳ್ದು, ಆಮೇಲ್ ಇಳೀಬೇಕು. ಅಲ್ಲಿಗಂಟ ಡ್ಯೂಟಿ ಮುಗಿಯಲ್ಲ."

ಇದಕ್ಕೆ ಸೆಟ್ಟಿಂಗ್ಸಿನಲ್ಲಿ ಏನೂ ಸಿಗಲಿಲ್ಲ. ಮಾವನೇ ಒಂದು ದಾರಿ ಕಂಡುಕೊಂಡಿದ್ದಾರೆ. ಅಭ್ಯಾಸಕ್ಕೆಂದು ಒಬ್ಬರೇ ಓಡಿಸುವ ವಿಭಾಗವೊಂದಿದೆ, ಅಲ್ಲಿ ಗೆರೆ ದಾಟಿದರೂ ಸ್ಟೇರಿಂಗು ನಮ್ಮದೇ. ಸಂಜೆಯ ಕೊನೆಗೆ ಅದಕ್ಕೆ ಹೋಗುತ್ತಾರೆ. ಮಳೆ ಹಾಕಿಕೊಂಡು ಎರಡು ಸುತ್ತು ನಿಧಾನಕ್ಕೆ ಬರುತ್ತಾರೆ, ಪಿಟ್ ರಸ್ತೆಗೆ ತಿರುಗುವ ಮುಂಚೆ ಎರಡು ಸಲ ಕನ್ನಡಿ ನೋಡುತ್ತಾರೆ, ಬಿಳಿ ಗೆರೆಗಳ ನಡುವೆ ಕಾರನ್ನು ನೇರ ಮಾಡಿ ನಿಲ್ಲಿಸುತ್ತಾರೆ. ವೈಪರ್ ಎರಡು ಸಲ ಆಡುವುದನ್ನು ನೋಡುತ್ತಾ ಕೂತು, ಆಮೇಲೆ ಅತ್ತೆಯನ್ನು ಕರೆಯುತ್ತಾರೆ, ಟಿವಿ ಗೋಡೆಗೆ ಸರಿಸೋಣ ಅಂತ.